ಮೊದಲ ಕಿರುಚಿತ್ರ: ಆರು ಜನ, ಐದು ವಾರ, ಒಂದು ಕ್ಯಾಮೆರಾ. ಎಲ್ಲಿಂದ ಶುರು ಮಾಡೋದು?

ತುಂಗಾತೀರ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಬಿ.ಎ. ಪತ್ರಿಕೋದ್ಯಮ ಓದ್ತಿದ್ದೀನಿ, ಐದನೇ ಸೆಮಿಸ್ಟರ್. ಈ ಸಲ ಆರಾರು ಜನರ ಗುಂಪು ಮಾಡಿ, ಗುಂಪಿಗೊಂದು ಕಿರುಚಿತ್ರ ಅಂತ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಎಂಟರಿಂದ ಹತ್ತು ನಿಮಿಷ ಇರಬೇಕು. ಐದು ವಾರ ಸಮಯ. ಅದರಲ್ಲಿ ಒಂದು ವಾರ ಕಥೆಯ ಜಗಳದಲ್ಲೇ ಕಳೆದುಹೋಯ್ತು.

ನಮ್ಮ ಹತ್ರ ಇರೋದು ಗೆಳತಿಯ ಅಣ್ಣನ ಹಳೇ ಡಿಎಸ್‌ಎಲ್‌ಆರ್, ಅದಕ್ಕೆ ಒಂದು 50 ಎಂಎಂ ಲೆನ್ಸು, ಮದುವೆ ಫೋಟೊ ತೆಗೆಯೋರ ಹತ್ರ ಎರಡು ದಿನಕ್ಕೆ ಬಾಡಿಗೆಗೆ ಸಿಗೋ ಟ್ರೈಪಾಡು, ಎಲ್ಲರ ಮೊಬೈಲು. ಮೈಕ್ ಇಲ್ಲ. ತಲೆಗೆ 500 ಹಾಕಿದರೆ 3,000 ರೂಪಾಯಿ.

ಕಥೆ 14 ಪುಟ ಬರೆದಿದ್ದೀವಿ. ಹಳ್ಳಿ ಹುಡುಗಿ, ಕುಡಿಯೋ ಅಪ್ಪ, ಓದು ಬಿಡಿಸಿ ಮದುವೆ, ಪೊಲೀಸ್ ಠಾಣೆ, ಕೊನೆಗೆ ಬಸ್ಸಿನ ಅಪಘಾತ. ಮಧ್ಯೆ ಹದಿನೈದು ವರ್ಷ ಹಿಂದಿನ ಒಂದು ಫ್ಲ್ಯಾಶ್‌ಬ್ಯಾಕ್. ಒಟ್ಟು ಒಂಬತ್ತು ಪಾತ್ರ.

ಇಬ್ಬರು ನಾನೇ ನಿರ್ದೇಶನ ಮಾಡ್ತೀನಿ ಅಂತಿದ್ದಾರೆ. ಅವರಲ್ಲಿ ನಾನೂ ಒಬ್ಬಳು. ಇವರಿಬ್ಬರನ್ನ ಬಿಟ್ಟು ಗುಂಪಿನ ಒಬ್ಬ ಹುಡುಗ ಮೀಟಿಂಗಿಗೇ ಬರ್ತಿಲ್ಲ. ಈ ಸಿನಿಮಾ ಚೆನ್ನಾಗಿ ಆಗಬೇಕು ಅಂತ ನನಗೆ ತುಂಬಾ ಆಸೆ ಇದೆ. ಬರೀ ಅಂಕಕ್ಕೆ ಅಲ್ಲ. ಅನುಭವ ಇರೋರು ದಯವಿಟ್ಟು ಹೇಳಿ.

ಧಾರವಾಡದ ಮೇಷ್ಟ್ರು

ತಂಗಿ, ನಾ ಡಿಗ್ರಿ ಕಾಲೇಜಿನ್ಯಾಗ ಹದಿನಾಕು ವರ್ಷದಿಂದ ಪಾಠಾ ಮಾಡಾಕತ್ತೇನಿ. ಇಂಥಾ ಗುಂಪು ಪ್ರಾಜೆಕ್ಟ್ ಭಾಳ ನೋಡೇನಿ. ನಿನ್ನ ಪತ್ರಾ ಓದಿದ ಕೂಡಲೇ ಮೂರು ಮಾತು ಹೇಳಬೇಕು ಅನಸ್ತು.

ಮೊದಲನೇದು ಪುಟದ ಲೆಕ್ಕ. ಚಿತ್ರಕಥಿ ಸರಿಯಾದ ಅಳತ್ಯಾಗ ಬರದ್ರ ಒಂದು ಪುಟಕ್ಕ ಹೆಚ್ಚು ಕಡಿಮಿ ಒಂದು ನಿಮಿಷ. ನಿಮ್ಮದು 14 ಪುಟ. ಅದರಾಗ ಠಾಣೆ, ಬಸ್ಸು, ಅಪಘಾತ. 3,000 ರೂಪಾಯಿಯೊಳಗ ಪೊಲೀಸ್ ಠಾಣೆ ಎಲ್ಲಿಂದ ತರ್ತೀರಿ? ನಿಮ್ಮ ಆರು ಮಂದಿ ಕೂಡಿ ಒಂದು ಹಾಳಿ ಮ್ಯಾಲೆ ಬರೀರಿ: ಕೇಳಿದ್ರ ಕೊಡೋ ಮನಿ ಯಾವುದು, ಗುರುತಿನ ಅಂಗಡಿ ಯಾವುದು, ಅಭಿನಯಾ ಮಾಡಾಕ ಒಪ್ಪೋ ಹಿರೇರು ಯಾರು. ಆ ಹಾಳಿಯಿಂದ ಕಥಿ ಹುಟ್ಟಲಿ. ಇರದ ಠಾಣೆ ಹುಡಿಕ್ಕೊಂಡು ಹೋಗೂದಕ್ಕಿಂತ ಇರೂ ಅಡಿಗಿ ಮನಿಯೊಳಗ ಒಂದು ಸಂಗತಿ ನಡೀಲಿ.

ಎರಡನೇದು ನಿರ್ದೇಶಕರ ಜಗಳ. ಇದನ್ನ ಮಾತಿನ್ಯಾಗ ಬಗಿಹರಸಾಕ ಹೋಗಬ್ಯಾಡ್ರಿ, ಗೆಳೆತನ ಕೆಡ್ತದ. ಇಬ್ಬರಿಗೂ ಅದ ಅರ್ಧ ಪುಟದ ದೃಶ್ಯಾ ಕೊಡ್ರಿ. ಅದ ನಟರು, ಅದ ಜಾಗ, ಒಂದು ತಾಸು, ಒಂದು ಮೊಬೈಲು. ಇಬ್ಬರೂ ಒಂದೊಂದು ನಿಮಿಷದ್ದು ತಗದು ತೋರಸ್ರಿ. ಉಳದ ನಾಕು ಮಂದಿ ನೋಡಿ ಆರಸಲಿ. ನನ್ನ ಕ್ಲಾಸಿನ್ಯಾಗ ಇದನ್ನ ಎಂಟು ವರ್ಷದಿಂದ ಮಾಡಾಕತ್ತೇನಿ. ಸೋತವರಿಗೂ ಯಾಕ ಅನ್ನೂದು ಕಣ್ಣಿಗೆ ಕಾಣ್ತದ.

ಮೂರನೇದು ಮೀಟಿಂಗಿಗೆ ಬಾರದ ಹುಡುಗ. ಅವನ ಮನೀಗೆ ಒಮ್ಮೆ ಹೋಗಿ ಬರ್ರಿ. ಫೋನ್ ಮಾಡಬ್ಯಾಡ್ರಿ, ಹೋಗ್ರಿ.

ಕಡಲತಡಿ

ನಾನು ಮಂಗಳೂರಿನವ. ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿ ನಾವು ಏಳು ಜನ ಸೇರಿ ಒಂದು ಕಿರುಚಿತ್ರ ಮಾಡಿದ್ದು ಉಂಟು. ನಮಗೆ ಆದದ್ದನ್ನು ಹೇಳ್ತೇನೆ, ನಿಮಗೆ ಆಗದಿರಲಿ ಅಂತ.

ಇಡೀ ಕಥೆ ಸಮುದ್ರದ ದಡದಲ್ಲಿ. ಇಬ್ಬರು ಗೆಳೆಯರು ಮಾತಾಡ್ತಾರೆ, ಅಷ್ಟೇ. ದೃಶ್ಯ ಎಷ್ಟು ಚಂದ ಬಂದಿತ್ತು ಅಂದ್ರೆ ನಾವು ಅಲ್ಲೇ ಕುಣಿದಿದ್ದೆವು. ರಾತ್ರಿ ಹಾಸ್ಟೆಲಿನಲ್ಲಿ ಹೆಡ್‌ಫೋನ್ ಹಾಕಿ ಕೇಳಿದ್ರೆ ಬರೀ ಗಾಳಿ. ಕ್ಯಾಮೆರಾದ ಒಳಗಿನ ಮೈಕಿನಲ್ಲೇ ರೆಕಾರ್ಡ್ ಮಾಡಿದ್ದು. ಒಂದು ಮಾತೂ ಕೇಳ್ತಿರಲಿಲ್ಲ. ಕೊನೆಗೆ ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದಿಟ್ಟು, ತಲೆ ಮೇಲೆ ಕಂಬಳಿ ಹೊದ್ದು, ಮೂರು ರಾತ್ರಿ ಡಬ್ಬಿಂಗ್ ಮಾಡಿದೆವು. ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ.

ಅದಕ್ಕಿಂತ ದೊಡ್ಡದು ಎರಡನೇ ದಿನ ಆಯ್ತು. ಮೆಮೊರಿ ಕಾರ್ಡ್ ತುಂಬಿತು, ಖಾಲಿ ಮಾಡು ಅಂತ ಒಬ್ಬ ಹೇಳಿದ. ಇನ್ನೊಬ್ಬ ಕಾಪಿ ಆಗಿದೆ ಅಂದುಕೊಂಡು ಫಾರ್ಮ್ಯಾಟ್ ಮಾಡಿದ. ಆಗಿರಲಿಲ್ಲ. ಬೆಳಗಿನ ಆರು ಶಾಟ್ ಹೋಯ್ತು. ಆ ನಟನ ಜೊತೆ ಮತ್ತೆ ಡೇಟ್ ಸಿಗಲಿಲ್ಲ.

ಆದ್ದರಿಂದ ಕಾರ್ಡಿಗೆ ಒಬ್ಬರೇ ಜವಾಬ್ದಾರಿ ಇರಲಿ. ಬೇರೆ ಯಾರೂ ಮುಟ್ಟುವ ಹಾಗಿಲ್ಲ. ತುಂಬಿದ ಕಾರ್ಡಿಗೆ ಕೆಂಪು ಟೇಪು ಹಚ್ಚಿ. ಎರಡು ಬೇರೆ ಬೇರೆ ಕಡೆ ಕಾಪಿ ಆಗಿ, ಎರಡನ್ನೂ ತೆರೆದು ನೋಡಿದ ಮೇಲೆ ಮಾತ್ರ ಟೇಪು ತೆಗೆಯುವುದು.

ಸದ್ದಿನ ಬೆನ್ನಟ್ಟಿ

ಬೆಂಗಳೂರಿನಲ್ಲಿ ಸೌಂಡ್ ರೆಕಾರ್ಡಿಸ್ಟ್ ಆಗಿ ಕೆಲಸ ಮಾಡುತ್ತೇನೆ. ಕಡಲತಡಿ ಅವರು ಹೇಳಿದ್ದನ್ನು ಪ್ರತಿ ವರ್ಷ ಯಾವುದಾದರೂ ಹೊಸ ಗುಂಪಿನ ಬಾಯಲ್ಲಿ ಕೇಳುತ್ತೇನೆ, ಪ್ರತಿ ಸಲವೂ ಸಂಕಟ ಆಗುತ್ತದೆ. ಚಿತ್ರ ಸ್ವಲ್ಪ ಮಸುಕಾದರೆ ನೋಡುವವರು ಸಹಿಸಿಕೊಳ್ಳುತ್ತಾರೆ. ಮಾತು ಕೇಳದಿದ್ದರೆ ಎರಡನೇ ನಿಮಿಷಕ್ಕೆ ಎದ್ದು ಹೋಗುತ್ತಾರೆ.

ನಿಮ್ಮ 3,000ದಲ್ಲಿ ಮೊದಲ ಪಾಲು ಮೈಕಿಗೆ ಇಡಿ. ವೈರ್ ಇರುವ ಕಾಲರ್ ಮೈಕ್ ಎರಡು ತಗೊಳ್ಳಿ. ಅದನ್ನು ನಟರ ಜೇಬಿನಲ್ಲೋ ಸೊಂಟದಲ್ಲೋ ಇಟ್ಟ ಮೊಬೈಲಿಗೇ ಚುಚ್ಚಿ ರೆಕಾರ್ಡ್ ಮಾಡಬಹುದು, ಫೋನು ಏರ್‌ಪ್ಲೇನ್ ಮೋಡಿನಲ್ಲಿ ಇರಲಿ. ಹತ್ತಿರದಲ್ಲಿ ಶಾಟ್‌ಗನ್ ಮೈಕ್ (ಎದುರಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಉದ್ದನೆಯ ಮೈಕು) ಬಾಡಿಗೆಗೆ ಸಿಕ್ಕರೆ ಒಂದು ಕೋಲಿಗೆ ಕಟ್ಟಿ, ಫ್ರೇಮಿನ ಅಂಚಿಗೆ ಎಷ್ಟು ಹತ್ತಿರ ಆಗುತ್ತೋ ಅಷ್ಟು ಹತ್ತಿರ, ಮೇಲಿನಿಂದ ಬಾಯಿಯ ಕಡೆಗೆ ಹಿಡಿಯಿರಿ. ಎರಡು ಅಡಿ ದೂರದಲ್ಲಿರುವ ಸಾಧಾರಣ ಮೈಕು ಹತ್ತು ಅಡಿ ದೂರದ ದುಬಾರಿ ಮೈಕಿಗಿಂತ ಒಳ್ಳೆಯದು.

ಪ್ರತಿ ಶಾಟ್ ಶುರುವಿನಲ್ಲಿ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ. ಆ ಟಪ್ ಅನ್ನೋ ಸದ್ದನ್ನೂ ಕೈ ಕೂಡುವ ಫ್ರೇಮನ್ನೂ ಆಮೇಲೆ ಹೊಂದಿಸಿದರೆ ಸಿಂಕ್ ಆಗುತ್ತದೆ, ಅಂದರೆ ತುಟಿಗೂ ಮಾತಿಗೂ ತಾಳೆಯಾಗುತ್ತದೆ. ಶೂಟಿಂಗ್ ಜಾಗದಲ್ಲಿ ಫ್ಯಾನು, ಫ್ರಿಜ್ಜು ಆಫ್ ಮಾಡಿಸಿ. ಫ್ರಿಜ್ ಆಫ್ ಮಾಡುವಾಗ ನಿಮ್ಮ ಗಾಡಿಯ ಕೀಲಿಯನ್ನು ಅದರೊಳಗೇ ಇಡಿ, ಹೊರಡುವಾಗ ಮತ್ತೆ ಆನ್ ಮಾಡಲು ಮರೆಯುವುದಿಲ್ಲ. ಮನೆಯವರ ಹಾಲು ಕೆಡಬಾರದಲ್ಲ. ಪ್ರತಿ ಜಾಗದಲ್ಲೂ ಎಲ್ಲರೂ ಸುಮ್ಮನೆ ನಿಂತು ಒಂದು ನಿಮಿಷದ ಬರೀ ಮೌನ ರೆಕಾರ್ಡ್ ಮಾಡಿಕೊಳ್ಳಿ. ರೂಮ್ ಟೋನ್ ಅನ್ನುವುದು ಅದಕ್ಕೇ. ಎಡಿಟಿಂಗ್ ಹೊತ್ತಿಗೆ ಅದು ಇಲ್ಲದಿದ್ದರೆ ಕತ್ತರಿಸಿದ ಕಡೆಯೆಲ್ಲ ಗುಂಡಿ ಬಿದ್ದ ಹಾಗೆ ಕೇಳಿಸುತ್ತದೆ.

ತುಂಗಾತೀರ (ಐದು ದಿನದ ಮೇಲೆ)

ಎಲ್ಲರಿಗೂ ಧನ್ಯವಾದ. ಮೇಷ್ಟ್ರು ಹೇಳಿದ ಹಾಗೇ ಮಾಡಿದೆವು.

ಪರೀಕ್ಷೆಯ ದೃಶ್ಯ ಇಬ್ಬರೂ ತೆಗೆದೆವು. ನನ್ನದರಲ್ಲಿ ಕ್ಯಾಮೆರಾ ಸುಮ್ಮನೆ ಓಡಾಡ್ತಿತ್ತು, ನಟರಿಗೆ ನಾನು ಏನೂ ಹೇಳಿರಲಿಲ್ಲ. ಇನ್ನೊಬ್ಬಳು ಹತ್ತು ನಿಮಿಷ ನಟರ ಜೊತೆ ಕೂತು ಮಾತಾಡಿ, ಆಮೇಲೆ ಒಂದೇ ಶಾಟಿನಲ್ಲಿ ತೆಗೆದಿದ್ದಳು. ಅವಳದ್ದೇ ಚೆನ್ನಾಗಿತ್ತು. ನಾಲ್ಕಕ್ಕೆ ನಾಲ್ಕು ಮತ. ಆ ರಾತ್ರಿ ನನಗೆ ಬೇಜಾರಾಗಿತ್ತು, ನಿಜ. ಮಾರನೇ ದಿನ ಸೌಂಡ್ ನಾನು ನೋಡ್ಕೊಳ್ತೀನಿ ಅಂದೆ.

ಬರದ ಹುಡುಗನ ಮನೆಗೂ ಹೋಗಿದ್ದೆವು. ಸಂಜೆ ಐದರಿಂದ ಹನ್ನೊಂದರವರೆಗೆ ಹೋಟೆಲಿನಲ್ಲಿ ಕೆಲಸ ಮಾಡ್ತಾನೆ, ಅದನ್ನ ನಮಗೆ ಹೇಳೋಕೆ ಅವನಿಗೆ ಮುಜುಗರ. ಮೀಟಿಂಗ್ ಎಲ್ಲ ಸಂಜೆ ಇಟ್ಟಿದ್ದು ನಾವೇ. ಈಗ ಬೆಳಿಗ್ಗೆ ಏಳಕ್ಕೆ ಸೇರ್ತೀವಿ. ಜಾಗ, ಊಟ, ಓಡಾಟದ ವ್ಯವಸ್ಥೆ ಅವನದ್ದು. ಶೂಟಿಂಗಿನ ಎರಡು ದಿನ ರಜೆ ಕೇಳಿಕೊಂಡಿದ್ದಾನೆ.

ಕಥೆ ಪೂರ್ತಿ ಬದಲಾಯ್ತು. ನಮ್ಮ ಗುಂಪಿನ ಒಬ್ಬಳ ಮನೆ ತೀರ್ಥಹಳ್ಳಿ ಹತ್ರ. ಈಗ ಅಲ್ಲಿ ಅಡಿಕೆ ಸುಲಿತ ನಡೀತಿದೆ. ಸಂಜೆ ಮೇಲೆ ಸುತ್ತಲಿನ ಹೆಂಗಸರು ಬಂದು, ಕೊಟ್ಟಿಗೆ ಪಕ್ಕದ ಮಾಡಿನಲ್ಲಿ ಒಂದು ಬಲ್ಬಿನ ಕೆಳಗೆ ಕೂತು ಸುಲೀತಾರೆ. ಎಷ್ಟು ಡಬ್ಬ ಸುಲಿದರು ಅನ್ನೋದರ ಮೇಲೆ ಕೂಲಿ. ಕಥೆ ಇಷ್ಟೇ: ತಾಯಿ ಸುಲಿತಕ್ಕೆ ಕೂತಿದ್ದಾಳೆ. ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿದೆ, ನಾಳೆ ದುಡ್ಡು ಕಟ್ಟೋಕೆ ಕೊನೇ ದಿನ. ಎಲ್ಲರ ಎದುರು ಹೇಳೋಕಾಗದೆ ಪಕ್ಕದಲ್ಲಿ ಕೂತು ತಾನೂ ಸುಲೀತಾಳೆ. ಪಕ್ಕದ ಹೆಂಗಸಿನ ಮಾತಲ್ಲಿ ವಿಷಯ ಹೊರಬೀಳುತ್ತೆ. ಸುಲಿತ ಮುಗಿದು ಎಲ್ಲರೂ ಏಳ್ತಾರೆ. ತಾಯಿ ಏಳಲ್ಲ. ಇನ್ನೊಂದು ಖಾಲಿ ಡಬ್ಬ ಎಳ್ಕೊಂಡು ಮುಂದಿಟ್ಕೊಳ್ತಾಳೆ. ಅಲ್ಲಿಗೆ ಮುಗೀತು. ಏಳು ಪುಟ ಆಗಿದೆ.

ತಾಯಿ ಪಾತ್ರಕ್ಕೆ ಸಾಗರದ ಕಡೆ ನಾಟಕ ಮಾಡೋ ಒಬ್ಬರು ಒಪ್ಪಿದ್ದಾರೆ. ಉಳಿದವರು ನಿಜವಾಗಿ ಸುಲಿಯೋಕೆ ಬರೋ ಹೆಂಗಸರೇ.

ಹೊಸನೋಟ

ಕಥೆ ಬಹಳ ಚೆನ್ನಾಗಿದೆ. ಒಂದು ಸಲಹೆ. ಆ ಹೆಂಗಸರಿಗೆ ಶೂಟ್ ಮಾಡ್ತಿದ್ದೀವಿ ಅಂತ ಮೊದಲೇ ಹೇಳಬೇಡಿ. ಹೇಳಿದರೆ ಸೀರೆ ಸರಿ ಮಾಡ್ಕೊಂಡು, ಕ್ಯಾಮೆರಾ ನೋಡ್ಕೊಂಡು ಕೂರ್ತಾರೆ. ದೂರದಿಂದ ಮೊಬೈಲಿನಲ್ಲಿ ತೆಗೆದುಕೊಂಡು ಆಮೇಲೆ ಹೇಳಿದರೆ ಸಹಜತೆ ಉಳಿಯುತ್ತೆ.

ಅಂಗಳದ ಅಕ್ಕ

ಹೊಸನೋಟ ಅವರೇ, ನೀವು ಸಹಜತೆಯ ಬಗ್ಗೆ ಕಾಳಜಿಯಿಂದಲೇ ಹೇಳಿದ್ದೀರಿ. ಆದರೂ ನಾನು ಇದನ್ನು ಒಪ್ಪಲಾರೆ. ಹೈಸ್ಕೂಲಿನಲ್ಲಿದ್ದಾಗ ನಾನೇ ಅಮ್ಮನ ಜೊತೆ ಸುಲಿತಕ್ಕೆ ಹೋಗುತ್ತಿದ್ದೆ. ಅಡಿಕೆಯ ಒಗರು ರಸ, ಚೊಗರಿನಿಂದ ಕೈಯೆಲ್ಲ ಕಪ್ಪಾಗಿರುತ್ತಿತ್ತು, ಶಾಲೆಯಲ್ಲಿ ಕೈ ಮುಚ್ಚಿಕೊಂಡು ಕೂರುತ್ತಿದ್ದೆ. ಆ ದಿನಗಳಲ್ಲಿ ಯಾರಾದರೂ ನಮಗೆ ತಿಳಿಯದ ಹಾಗೆ ಚಿತ್ರ ತೆಗೆದು ಊರಿಗೆಲ್ಲ ತೋರಿಸಿದ್ದರೆ ಅಮ್ಮ ಮತ್ತೆ ಆ ಮನೆಯ ಮೆಟ್ಟಿಲು ಹತ್ತುತ್ತಿರಲಿಲ್ಲ.

ತಂಗಿ, ಮೊದಲು ಹೋಗಿ ಕೇಳು. ಕಥೆ ಏನು ಅಂತ ಪೂರ್ತಿ ಹೇಳು. ಎಲ್ಲೆಲ್ಲಿ ತೋರಿಸುತ್ತೀರಿ ಅಂತಲೂ ಹೇಳು. ಬೇಡ ಅಂದವರನ್ನು ಫ್ರೇಮಿನಿಂದ ಹೊರಗೆ ಕೂರಿಸಿ, ಒತ್ತಾಯ ಬೇಡ. ಇನ್ನೊಂದು ಮುಖ್ಯ. ನೀವು ಒಂದು ಶಾಟನ್ನು ಐದು ಸಲ ತೆಗೆಯುವಾಗ ಅವರ ಕೈ ನಿಲ್ಲುತ್ತದೆ. ಕೈ ನಿಂತರೆ ಡಬ್ಬ ತುಂಬುವುದಿಲ್ಲ, ಕೂಲಿ ಹೋಗುತ್ತದೆ. ಅವತ್ತು ಅವರು ದುಡಿಯಬಹುದಾಗಿದ್ದಷ್ಟನ್ನು ನಿಮ್ಮ 3,000ದಲ್ಲಿ ಮೊದಲೇ ಎತ್ತಿಡಿ. ಮೈಕಿಗಿಂತಲೂ ಮೊದಲು ಅದು.

ಸಿನಿಮಾ ಆದ ಮೇಲೆ ಕಾಲೇಜಿಗೆ ಕೊಡುವ ಮುಂಚೆ ಅವರಿಗೆ ತೋರಿಸಿ.

ಹೊಸನೋಟ

ಅಕ್ಕ, ಕೂಲಿಯ ವಿಷಯ ನನಗೆ ಹೊಳೆದೇ ಇರಲಿಲ್ಲ. ನನ್ನ ಮಾತನ್ನು ವಾಪಸ್ ತಗೊಳ್ತೀನಿ. ಕ್ಯಾಮೆರಾ ನೋಡುವ ತೊಂದರೆಗೆ ಒಂದು ದಾರಿ ಇದೆ: ಶೂಟಿಂಗಿನ ಹಿಂದಿನ ದಿನವೇ ಹೋಗಿ, ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ನೀವೂ ಕೂತು ಸುಲಿಯಿರಿ. ಒಂದು ಸಂಜೆ ಕಣ್ಣಿಗೆ ಬಿದ್ದು ಬಿದ್ದು ಅದು ಅಲ್ಲಿನ ಸಾಮಾನಿನ ಹಾಗೆ ಆಗಿಬಿಡುತ್ತೆ.

ಬೆಳಕಿನ ಕೋಲು

ಕ್ಯಾಮೆರಾ ವಿಭಾಗದಲ್ಲಿ ಸಹಾಯಕನಾಗಿ ಆರು ವರ್ಷ ದುಡಿದಿದ್ದೇನೆ. ಒಂದೇ ಬಲ್ಬಿನ ದೃಶ್ಯ ಅಂದ ಕೂಡಲೇ ಬರೆಯಬೇಕು ಅನ್ನಿಸಿತು. ಇಲ್ಲಿ ಹೊಸಬರು ಎಡವುವ ಕಡೆ ಒಂದಿದೆ.

ನಮ್ಮ ಮನೆಗಳಿಗೆ ಬರುವ ಕರೆಂಟು 50 ಹರ್ಟ್ಸ್. ಅದರಿಂದ ಬಲ್ಬು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಕ್ಕೆ ಕಾಣುತ್ತದೆ. ಅಗ್ಗದ ಎಲ್‌ಇಡಿ ಬಲ್ಬಿನಲ್ಲಿ ಇದು ಇನ್ನೂ ಜಾಸ್ತಿ. ಶಟರ್ ತಪ್ಪಾಗಿದ್ದರೆ ಚಿತ್ರದಲ್ಲಿ ಅಡ್ಡ ಪಟ್ಟಿಗಳು ಓಡುತ್ತವೆ, ಎಡಿಟಿಂಗಿನಲ್ಲಿ ತೆಗೆಯಲು ಬಹಳ ಕಷ್ಟ. ಕ್ಯಾಮೆರಾವನ್ನು ಸೆಕೆಂಡಿಗೆ 25 ಫ್ರೇಮಿಗೆ, ಶಟರನ್ನು 1/50 ಸೆಕೆಂಡಿಗೆ ಇಡಿ. ಮೊಬೈಲಿನಲ್ಲಿ 30 ಫ್ರೇಮ್ ಬಿಟ್ಟು ಬೇರೆ ಸಿಗದಿದ್ದರೂ ಶಟರ್ 1/50 ಅಥವಾ 1/100 ಇದ್ದರೆ ಪಟ್ಟಿ ಬರುವುದಿಲ್ಲ. ಮೊಬೈಲಿನ ಮಾಮೂಲಿ ಆ್ಯಪಿನಲ್ಲಿ ಇದನ್ನು ಬದಲಿಸಲು ಬಿಡದಿದ್ದರೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಅನ್ನುವ ಉಚಿತ ಆ್ಯಪ್ ಇದೆ. ಎಲ್ಲ ಫೋನಿನಲ್ಲೂ ನಡೆಯುವುದಿಲ್ಲ, ಮೊದಲೇ ಹಾಕಿ ನೋಡಿ. ಫೋಕಸ್ಸು, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಿ.

ಆ ಬಲ್ಬನ್ನು ಮಾಡಿನಿಂದ ಸ್ವಲ್ಪ ಕೆಳಗೆ ಇಳಿಬಿಡಿ, ಮುಖಕ್ಕೆ ಹತ್ತಿರ ಬರಲಿ. ಫ್ರೇಮಿನ ಹೊರಗೆ ಒಂದು ಬಿಳಿ ಥರ್ಮಕೋಲ್ ಹಾಳೆಯನ್ನು ಮೊಣಕಾಲೆತ್ತರದಲ್ಲಿ ಹಿಡಿದರೆ ಬಲ್ಬಿನ ಬೆಳಕೇ ತಿರುಗಿ ಬಂದು ಕಣ್ಣಿನ ಕೆಳಗಿನ ಕಪ್ಪನ್ನು ತುಂಬುತ್ತದೆ. ಹಗಲಿನ ದೃಶ್ಯ ಇದ್ದರೆ ಕನ್ನಡಿ ಬಳಸಿ. ನಮ್ಮ ಮೈಸೂರಿನವರೇ ಆದ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು 1959ರ ಹಿಂದಿಯ ‘ಕಾಗಜ್ ಕೆ ಫೂಲ್’ ಚಿತ್ರದ ಆ ಹೆಸರಾದ ಬೆಳಕಿನ ಕೋಲನ್ನು ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನೇ ಸ್ಟುಡಿಯೊ ಒಳಕ್ಕೆ ತಿರುಗಿಸಿ ತಂದಿದ್ದರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾ ಛಾಯಾಗ್ರಹಣ ಕಲಿತವರು ಅವರು. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. ಥರ್ಮಕೋಲ್ ಹಿಡಿದು ಕೈ ನೋಯುವಾಗ ನಾನು ಇದನ್ನು ನೆನೆಸಿಕೊಳ್ಳುತ್ತಿದ್ದೆ.

ಇನ್ನೊಂದು, ಗೆರೆ. ತಾಯಿಯಿಂದ ಮಗಳಿಗೆ ಒಂದು ಗೆರೆ ಎಳೆದ ಹಾಗೆ ಭಾವಿಸಿ. ಕ್ಯಾಮೆರಾ ಆ ಗೆರೆಯ ಒಂದೇ ಬದಿಯಲ್ಲಿ ಇರಲಿ. ದಾಟಿದರೆ ತಾಯಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೋಡಿದಂತಾಗಿ, ಇಬ್ಬರೂ ಒಂದೇ ದಿಕ್ಕು ನೋಡುತ್ತಾ ಮಾತಾಡುತ್ತಿರುವ ಹಾಗೆ ಕಾಣುತ್ತದೆ. ಹೆಂಗಸರು ಅಡಿಕೆ ರಾಶಿಯ ಸುತ್ತ ದುಂಡಗೆ ಕೂರುವುದರಿಂದ ನಿಮಗೆ ಗೊಂದಲ ಆಗಬಹುದು. ನೆಲದ ಮೇಲೆ ಸೀಮೆಸುಣ್ಣದಲ್ಲಿ ನಿಜವಾಗಿಯೇ ಗೆರೆ ಹಾಕಿ, ಶಾಟ್ ತೆಗೆಯುವ ಮುಂಚೆ ಅಳಿಸಿ.

ಸದ್ದಿನ ಬೆನ್ನಟ್ಟಿ

ತುಂಗಾತೀರ ಅವರು ಸೌಂಡ್ ತಗೊಂಡಿದ್ದು ಓದಿ ಖುಷಿಯಾಯಿತು. ಈ ಕಥೆಯಲ್ಲಿ ಅರ್ಧ ಕೆಲಸ ನಿಮ್ಮದೇ.

ಸುಲಿಯುವ ಸದ್ದು ಪ್ರತಿ ಶಾಟಿನಲ್ಲೂ ಮಾತಿನ ಮೇಲೆ ಬೀಳುತ್ತದೆ. ಕತ್ತಿಯ ಕರ್ ಅನ್ನುವ ಸದ್ದು ಒಂದು ಮಾತಿನ ನಡುವೆ ಇದ್ದು, ಮುಂದಿನ ಶಾಟಿನಲ್ಲಿ ಇಲ್ಲದಿದ್ದರೆ ಜೋಡಿಸಲು ಆಗುವುದಿಲ್ಲ. ಹಾಗಾಗಿ ತಾಯಿ ಮಗಳ ಮಾತಿನ ಶಾಟುಗಳಲ್ಲಿ ಉಳಿದವರು ಕೈ ಆಡಿಸಲಿ, ಸದ್ದು ಬರದ ಹಾಗೆ ಮೊದಲೇ ಸುಲಿದ ಅಡಿಕೆ ಹಿಡಿದಿರಲಿ. ಆಮೇಲೆ ಕ್ಯಾಮೆರಾ ಆಫ್ ಮಾಡಿ ಸುಲಿಯುವ ಸದ್ದನ್ನೇ ಬೇರೆಯಾಗಿ ಐದು ನಿಮಿಷ ರೆಕಾರ್ಡ್ ಮಾಡಿ: ಒಬ್ಬರದು, ಇಬ್ಬರದು, ಎಲ್ಲರದು. ಅಡಿಕೆ ಖಾಲಿ ಡಬ್ಬಕ್ಕೆ ಬೀಳುವ ಸದ್ದು, ಅರ್ಧ ತುಂಬಿದ ಡಬ್ಬಕ್ಕೆ ಬೀಳುವ ಸದ್ದು, ತುಂಬಿದ್ದಕ್ಕೆ ಬೀಳುವ ಸದ್ದು. ಮೂರೂ ಬೇರೆ ಬೇರೆ. ಕೊನೆಯಲ್ಲಿ ತಾಯಿ ಖಾಲಿ ಡಬ್ಬಕ್ಕೆ ಮೊದಲ ಅಡಿಕೆ ಹಾಕುವ ಸದ್ದು ಬಂದರೆ ನಿಮಗೆ ಬೇರೆ ಸಂಗೀತವೇ ಬೇಡ.

ಮಲೆನಾಡಿನ ರಾತ್ರಿಯಲ್ಲಿ ಹುಳುಗಳ ಸದ್ದು ಗಂಟೆಗಂಟೆಗೂ ಬದಲಾಗುತ್ತದೆ. ಏಳು ಗಂಟೆಯ ಸದ್ದು ಹತ್ತಕ್ಕೆ ಇರುವುದಿಲ್ಲ. ಮಾತಿನ ಶಾಟುಗಳನ್ನೆಲ್ಲ ಹತ್ತಿರ ಹತ್ತಿರದ ಹೊತ್ತಿನಲ್ಲಿ ತೆಗೆಯಿರಿ, ಪ್ರತಿ ಗಂಟೆಗೆ ಒಮ್ಮೆ ಎರಡು ನಿಮಿಷ ಹೊರಗಿನ ಸದ್ದು ಹಿಡಿದುಕೊಳ್ಳಿ.

ಧಾರವಾಡದ ಮೇಷ್ಟ್ರು

ಏಳು ಪುಟದ ಕಥಿ ಓದಿ ಮನಸು ತುಂಬಿ ಬಂತು ತಂಗಿ. ಆ ಖಾಲಿ ಡಬ್ಬ ಸಾಕು, ಅದರ ಮುಂದ ಒಂದು ಮಾತೂ ಸೇರಸಬ್ಯಾಡ್ರಿ.

ಎರಡು ರಾತ್ರಿಯೊಳಗ ಮುಗಸಬೇಕಂದ್ರ ಶಾಟಿನ ಪಟ್ಟಿ ಬೇಕ ಬೇಕು. ಹೊಸಬರು ದಿನಕ್ಕ ಹದಿನೈದು ಶಾಟ್ ಚಲೋ ತಗದ್ರ ದೊಡ್ಡದು, ಇದು ನನ್ನ ಹುಡುಗರನ್ನ ನೋಡಿ ಹೇಳೂ ಮಾತು. ಹಂಗಾದ್ರ ನಿಮಗ ಮೂವತ್ತು ಸಿಗ್ತಾವ. ಅದರಾಗ ಇಲ್ಲದಿದ್ರ ಸಿನಿಮಾನ ಇಲ್ಲ ಅನ್ನೂ ಹತ್ತಕ್ಕ ಚುಕ್ಕಿ ಹಾಕ್ರಿ. ಅವನ್ನ ಮೊದಲನೇ ರಾತ್ರಿ ತಗೀರಿ. ಕೊನೀ ಶಾಟ್ ಕೊನೀಗೆ ತಗ್ಯೂದು ಅಂತ ಇಟ್ಕೊಂಡು, ನಸುಕಿನ್ಯಾಗ ಎಲ್ಲಾರೂ ನಿದ್ದಿಗಣ್ಣಾಗ ತಗದು ಕೆಡಸಿದವರು ಭಾಳ ಮಂದಿ.

ಸಣ್ಣ ಕಥಿ ಅಂತ ಕೀಳು ಅನಕೋಬ್ಯಾಡ್ರಿ. 2024ರಾಗ ಫ್ರಾನ್ಸಿನ ಕಾನ್ ಚಿತ್ರೋತ್ಸವದ ಲಾ ಸಿನೆಫ್ ವಿಭಾಗ ಅಂದ್ರ ಜಗತ್ತಿನ ಸಿನಿಮಾ ಶಾಲಿಗಳ ವಿದ್ಯಾರ್ಥಿಗಳ ಸ್ಪರ್ಧಾದಾಗ ಮೊದಲನೇ ಬಹುಮಾನ ತಗೊಂಡದ್ದು ಒಂದು ಕನ್ನಡ ಕಿರುಚಿತ್ರ. ಪುಣೆದಾಗಿನ ಸಿನಿಮಾ ಶಾಲಿ ಎಫ್‌ಟಿಐಐ ವಿದ್ಯಾರ್ಥಿ, ಮೈಸೂರಿನ ಚಿದಾನಂದ ನಾಯ್ಕ ಅವರದು. ಅವರು ಅದಕ್ಕೂ ಮೊದಲು ವೈದ್ಯಕೀಯ ಓದಿದವರು. ಊರಿನ ಕೋಳಿ ಕದ್ದು ಹೋಗೂ ಮುದುಕಿ, ಅದರಿಂದ ಸೂರ್ಯ ಹುಟ್ಟದ ಊರು. ನಮ್ಮ ಅಜ್ಜಿಗಳು ಹೇಳೂ ಜಾನಪದ ಕಥಿ. 16 ನಿಮಿಷ. ನಾಕು ದಿನದಾಗ ಚಿತ್ರೀಕರಣ. ಅವರಿಗೂ ಅದು ಕೋರ್ಸಿನ ಕೊನೀ ಪ್ರಾಜೆಕ್ಟ.

ತುಂಗಾತೀರ (ಹನ್ನೊಂದು ದಿನದ ಮೇಲೆ)

ಶೂಟಿಂಗ್ ಮುಗೀತು. ಎರಡು ರಾತ್ರಿ ಅಂದ್ಕೊಂಡಿದ್ದು ಮೂರು ಆಯ್ತು. 27 ಶಾಟ್ ಸಿಕ್ಕಿದೆ.

ಮೊದಲು ಹೋಗಿ ಕೇಳಿದೆವು. ಏಳು ಜನರಲ್ಲಿ ಐದು ಜನ ಒಪ್ಪಿದರು. ಕೂಲಿ ಕೊಡ್ತೀವಿ ಅಂದಾಗ ಒಬ್ಬರು, ‘ನಾವು ಸುಲೀದೇ ಇದ್ರೂ ಕೊಡ್ತೀರಾ’ ಅಂತ ಎರಡು ಸಲ ಕೇಳಿದರು. ಅದಕ್ಕೇ 1,600 ಹೋಯ್ತು, ಉಳಿದದ್ದರಲ್ಲಿ ಕಾಲರ್ ಮೈಕು, ಟ್ರೈಪಾಡು, ಊಟ. ಶಾಟ್‌ಗನ್ ಮೈಕ್ ನಮ್ಮ ಊರಿನ ಒಬ್ಬರು ಮದುವೆ ವಿಡಿಯೊ ಮಾಡೋರು ಪುಕ್ಕಟೆ ಕೊಟ್ಟರು. ಮುರಿದ ದೋಟಿಯ (ಕಾಯಿ ಕೊಯ್ಯೋ ಉದ್ದ ಕೋಲು) ತುದಿಗೆ ಬಟ್ಟೆ ಸುತ್ತಿ ಮೈಕ್ ಕಟ್ಟಿಕೊಂಡೆ.

ಮೊದಲ ರಾತ್ರಿ ಒಂಬತ್ತಕ್ಕೆ ಕರೆಂಟ್ ಹೋಯ್ತು, ಬಂದಿದ್ದು ಹನ್ನೊಂದೂವರೆಗೆ. ಅಷ್ಟರಲ್ಲಿ ಹೆಂಗಸರು ಮನೆಗೆ ಹೊರಟಿದ್ದರು, ಅವರನ್ನ ನಿಲ್ಲಿಸೋದು ಸರಿ ಅನ್ನಿಸಲಿಲ್ಲ. ಎರಡನೇ ರಾತ್ರಿ ಸಾಗರದಿಂದ ಬಂದ ನಟಿ ತುಂಬಾ ಸಹಾಯ ಮಾಡಿದರು. ಆದರೆ ಮೊದಲೆರಡು ಟೇಕಿನಲ್ಲಿ ಅವರ ದನಿ ರಂಗದ ಮೇಲಿನ ಹಾಗೆ ದೊಡ್ಡದಾಗಿತ್ತು. ನಮ್ಮ ನಿರ್ದೇಶಕಿ ಅವರಿಗೆ ಏನೂ ತಿದ್ದಲಿಲ್ಲ. ಪಕ್ಕದಲ್ಲಿದ್ದ ನಿಜವಾದ ಸುಲಿತದ ಅಕ್ಕನ ಜೊತೆ ಅರ್ಧ ಗಂಟೆ ಸುಮ್ಮನೆ ಹರಟೆ ಹೊಡೀತಾ ಸುಲೀರಿ ಅಂದಳು. ಮೂರನೇ ಟೇಕಿಗೆ ದನಿ ತಾನಾಗೇ ಇಳಿದಿತ್ತು. ನಾನು ಹೆಡ್‌ಫೋನಿನಲ್ಲಿ ಕೇಳ್ತಿದ್ದೆ, ಅವರ ಉಸಿರೂ ಕೇಳ್ತಿತ್ತು. ನನ್ನ ಕೈ ನಡುಗಿ ದೋಟಿ ಅಲ್ಲಾಡಿತು, ಆ ಟೇಕಿನ ಮೂಲೆಯಲ್ಲಿ ಮೈಕಿನ ನೆರಳು ಬಿದ್ದಿದೆ. ಆದರೂ ಅದೇ ಟೇಕ್ ಇಟ್ಟುಕೊಳ್ಳೋಣ ಅಂತ ಎಲ್ಲರೂ ಹೇಳ್ತಿದ್ದಾರೆ.

ಒಂದು ಪ್ರಶ್ನೆ. ಸುಲಿಯುವಾಗ ಒಬ್ಬರು ಹಳೇ ಸಿನಿಮಾ ಹಾಡು ಗುನುಗಿದ್ದಾರೆ, ತುಂಬಾ ಚೆನ್ನಾಗಿದೆ. ಇಡಬಹುದಾ? ಇನ್ನೊಂದು, ಮೊಬೈಲಿನಲ್ಲಿ ತೆಗೆದ ನಾಲ್ಕು ಶಾಟಿನಲ್ಲಿ ಶುರುವಿನಲ್ಲಿ ಸಿಂಕ್ ಸರಿ ಇದೆ, ಕೊನೆಗೆ ಬರೋ ಹೊತ್ತಿಗೆ ಮಾತು ಹಿಂದೆ ಬೀಳ್ತಿದೆ.

ಕತ್ತರಿ

ಎಡಿಟಿಂಗ್ ನನ್ನ ಕಸುಬು. ಎರಡನೇ ಪ್ರಶ್ನೆ ಮೊದಲು. ಮೊಬೈಲುಗಳು ಬೆಳಕಿಗೆ, ಬಿಸಿಗೆ ತಕ್ಕಂತೆ ಫ್ರೇಮ್ ರೇಟನ್ನು ತಾವೇ ಏರಿಳಿಸುತ್ತವೆ. ಅದಕ್ಕೇ ಹೀಗೆ ಜಾರುವುದು. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಆ ನಾಲ್ಕು ಫೈಲುಗಳನ್ನು ಕಾನ್‌ಸ್ಟಂಟ್ ಫ್ರೇಮ್ ರೇಟ್ ಆಯ್ಕೆ ಮಾಡಿ, ಕ್ವಾಲಿಟಿ ಹೆಚ್ಚಿಟ್ಟು ಪರಿವರ್ತಿಸಿ. ಆಮೇಲೆ ಡವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿಗೆ ಹಾಕಿ. ಉಚಿತ ಆವೃತ್ತಿ ನಿಮ್ಮ ಕೆಲಸಕ್ಕೆ ಧಾರಾಳ. ಮೂಲ ಫೈಲುಗಳನ್ನು ಅಳಿಸಬೇಡಿ.

ಹಾಡು ಬೇಡ. ಗುನುಗಿದ್ದು ಅವರೇ ಆದರೂ ಸಾಹಿತ್ಯ, ರಾಗ ಬೇರೆಯವರದ್ದು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಕಾಲೇಜಿನೊಳಗೆ ಯಾರೂ ಕೇಳಲಿಕ್ಕಿಲ್ಲ. ಯೂಟ್ಯೂಬಿಗೆ ಹಾಕಿದರೆ, ಉತ್ಸವಕ್ಕೆ ಕಳಿಸಿದರೆ ತೊಡಕು. ಆ ಅಕ್ಕನಿಗೆ ಹಿರಿಯರಿಂದ ಬಂದ ಸೋಬಾನೆಯೋ ಲಾಲಿಯೋ ಗೊತ್ತಿರಬಹುದು, ಕೇಳಿ. ಬೇರೆಯವರು ರೆಕಾರ್ಡ್ ಮಾಡಿದ ಜಾನಪದ ಹಾಡನ್ನು ಎತ್ತಿ ಹಾಕಬೇಡಿ, ಆ ರೆಕಾರ್ಡಿಂಗಿಗೂ ಹಕ್ಕು ಇರುತ್ತದೆ.

ಎಡಿಟ್ ಮಾಡುವಾಗ ಎಲ್ಲ ಶಾಟನ್ನೂ ಉದ್ದಕ್ಕೆ ಜೋಡಿಸಿ ಒಮ್ಮೆ ಪೂರ್ತಿ ನೋಡಿ. ಹದಿಮೂರು ನಿಮಿಷ ಬರಬಹುದು, ಗಾಬರಿ ಬೇಡ. ಆಮೇಲೆ ಒಂದು ದಿನ ಮುಟ್ಟಬೇಡಿ. ಮರುದಿನ ಪ್ರತಿ ಶಾಟಿನ ತಲೆ, ಬಾಲ ಕತ್ತರಿಸಿ: ನಟರು ಮಾತಾಡಲು ತಯಾರಾಗುವ ಕ್ಷಣ, ಆಡಿ ಮುಗಿದ ಮೇಲೆ ಕಾಯುವ ಕ್ಷಣ. ಅಷ್ಟರಲ್ಲೇ ಎರಡು ನಿಮಿಷ ಇಳಿಯುತ್ತದೆ. ಮೈಕಿನ ನೆರಳಿನ ಟೇಕ್ ಇಟ್ಟುಕೊಳ್ಳಿ. ಚಿತ್ರವನ್ನು ಸ್ವಲ್ಪ ಹಿಗ್ಗಿಸಿದರೆ ಆ ಮೂಲೆ ಫ್ರೇಮಿನಿಂದ ಹೊರಗೆ ಹೋಗುತ್ತದೆ. ನಾನು ಯಾವತ್ತೂ ಒಳ್ಳೆಯ ಅಭಿನಯವನ್ನು ನೆರಳಿಗೋಸ್ಕರ ಬಿಟ್ಟಿಲ್ಲ.

ಬೆಂಗಳೂರು ಅಂತರರಾಷ್ಟ್ರೀಯ ಕಿರುಚಿತ್ರೋತ್ಸವದಂಥ ಕಡೆ ಕಳಿಸುವ ಯೋಚನೆ ಇದ್ದರೆ ಅವರ ನಿಯಮ ಓದುವವರೆಗೆ ಅಂತರ್ಜಾಲದಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ. ಮೊದಲೇ ಹಾಕಿದ ಚಿತ್ರಗಳನ್ನು ಕೆಲವು ಉತ್ಸವಗಳು ತಗೊಳ್ಳುವುದಿಲ್ಲ.

ಕಡಲತಡಿ

ಕಾಪಿ ಎರಡು ಕಡೆ ಉಂಟಲ್ಲ?

ತುಂಗಾತೀರ

ಮೂರು ಕಡೆ ಉಂಟು ಅಣ್ಣ. ಒಂದು ಹೋಟೆಲಿನಲ್ಲಿ ಕೆಲಸ ಮಾಡೋ ನಮ್ಮ ಗೆಳೆಯನ ಮನೆಯಲ್ಲಿ. ಕೆಂಪು ಟೇಪಿನ ಜವಾಬ್ದಾರಿ ಅವನದ್ದೇ ಆಗಿತ್ತು.

ತುಂಗಾತೀರ (ಒಂಬತ್ತು ದಿನದ ಮೇಲೆ)

ಇವತ್ತು ಕಾಲೇಜಿಗೆ ಕೊಟ್ಟೆವು. 8 ನಿಮಿಷ 40 ಸೆಕೆಂಡು.

ಅಂಗಳದ ಅಕ್ಕ ಹೇಳಿದ್ದಕ್ಕೆ, ನಾಲ್ಕು ದಿನ ಮುಂಚೆ ತೀರ್ಥಹಳ್ಳಿಗೆ ಹೋಗಿ ಅದೇ ಮಾಡಿನಲ್ಲಿ ಲ್ಯಾಪ್‌ಟಾಪ್ ಇಟ್ಟು ತೋರಿಸಿದೆವು. ಸುಲಿತ ಮುಗಿಯೋ ಹಂತಕ್ಕೆ ಬಂದಿತ್ತು, ಐವರೂ ಬಂದಿದ್ದರು. ಅರ್ಧ ಆಗೋವಷ್ಟರಲ್ಲಿ ಒಬ್ಬರು ಕೇಳಿದರು: ‘ನನ್ನ ಕೈ ಮಾತ್ರ ಬರ್ತಾ ಇದೆ. ಮುಖ ಎಲ್ಲಿ?’

ನಾವು ಆರೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೈಯ ಕ್ಲೋಸ್‌ಅಪ್ ನಮಗೆ ಅಷ್ಟು ಚೆಂದ ಕಂಡಿತ್ತು, ಕಪ್ಪಾದ ಬೆರಳು, ಕತ್ತಿ, ಬೆಳಕು. ಅವರ ಮುಖದ ಶಾಟ್ ಎರಡಿದ್ದವು, ಉದ್ದ ಆಯ್ತು ಅಂತ ತೆಗೆದುಹಾಕಿದ್ದೆವು. ವಾಪಸ್ ಬಂದ ಮೇಲೆ ನಿರ್ದೇಶಕಿ ರಾತ್ರಿ ಕೂತು ಒಂದನ್ನು ಸೇರಿಸಿದಳು. ವಿಷಯ ಹೊರಬಿದ್ದ ಮೇಲೆ ಎಲ್ಲರೂ ಸುಮ್ಮನಾಗೋ ಕಡೆ, ಆ ಅಕ್ಕ ತಲೆ ಎತ್ತಿ ತಾಯಿಯನ್ನ ನೋಡಿ ಮತ್ತೆ ತಲೆ ತಗ್ಗಿಸೋ ಶಾಟ್. ನಾಲ್ಕು ಸೆಕೆಂಡು. ಅದು ಬಂದ ಮೇಲೆ ನಂತರದ ಮೌನ ಬೇರೆಯೇ ಆಯ್ತು. ಹೆಡ್‌ಫೋನಿನಲ್ಲಿ ನಾನು ಅದನ್ನ ಎಷ್ಟು ಸಲ ಕೇಳಿದೆನೋ.

ಸಿನಿಮಾ ಹಾಡು ತೆಗೆದೆವು. ಅದನ್ನ ಗುನುಗಿದ್ದ ಅಕ್ಕನೇ ತಮಗೆ ಗೊತ್ತಿದ್ದ ಒಂದು ಲಾಲಿ ಹಾಡಿಕೊಟ್ಟರು, ಅದು ಹೆಸರುಗಳ ಪಟ್ಟಿಯ ಹಿಂದೆ ಇದೆ. ಪಟ್ಟಿಯಲ್ಲಿ ಐವರ ಹೆಸರೂ ಕಲಾವಿದರು ಅನ್ನೋದರ ಕೆಳಗೇ ಇದೆ, ‘ಸಹಕಾರ’ದ ಕೆಳಗಲ್ಲ. ಹೆಸರು ಹೇಗೆ ಬರೀಬೇಕು ಅಂತ ಒಬ್ಬೊಬ್ಬರನ್ನೇ ಕೇಳಿದೆವು. ಒಬ್ಬರು ತಮ್ಮ ಹೆಸರಿನ ಮುಂದೆ ತಾಯಿಯ ಹೆಸರು ಸೇರಿಸಿ ಅಂದರು, ಹಾಗೇ ಹಾಕಿದೆವು.

ಅಂಗಳದ ಅಕ್ಕ

ಓದಿದೆ ತಂಗಿ. ಈಗ ಬೇರೇನೂ ಬರೆಯಲು ಆಗುತ್ತಿಲ್ಲ. ನನ್ನ ಅಮ್ಮನಿಗೆ ತೋರಿಸಬೇಕು, ಕಳಿಸುವೆಯಾ?

ಸದ್ದಿನ ಬೆನ್ನಟ್ಟಿ

ನನಗೂ ಕಳಿಸಿ. ಚಿತ್ರ ನಿಧಾನಕ್ಕೆ ಬರಲಿ, ಖಾಲಿ ಡಬ್ಬಕ್ಕೆ ಮೊದಲ ಅಡಿಕೆ ಬೀಳುವ ಸದ್ದು ಮೊದಲು ಕೇಳಬೇಕು. ಮೈಕ್ ಎಷ್ಟು ದೂರ ಇಟ್ಟಿದ್ದಿರಿ?

ತುಂಗಾತೀರ

ಒಂದು ಗೇಣು, ಸರ್. ಡಬ್ಬದ ಬಾಯಿಗೆ ಓರೆಯಾಗಿ. ಹನ್ನೆರಡು ಸಲ ಹಾಕಿಸಿದೆ, ಇಟ್ಟುಕೊಂಡಿದ್ದು ಒಂಬತ್ತನೇದು. ಇಬ್ಬರಿಗೂ ರಾತ್ರಿ ಕಳಿಸ್ತೀನಿ.